ಡಬ್ಬಿಯೊಳಗಿನ ಐದು ವರ್ಷ

ಪೈಪ್ ತಂಬಾಕನ್ನು ಎಷ್ಟು ವರ್ಷ ಇಟ್ಟು ಮಾಗಿಸಬೇಕು ಎಂದು ಕೇಳಿದರೆ, ಪೈಪ್ ಸೇದುವವರಲ್ಲಿ ಬಹಳ ಮಂದಿ ‘ಹಳೆಯದಾದಷ್ಟೂ ಒಳ್ಳೆಯದು’ ಎಂದುಬಿಡುತ್ತಾರೆ. ಹತ್ತು ವರ್ಷದ ಡಬ್ಬಿಗಿಂತ ಇಪ್ಪತ್ತರದ್ದು ಮೇಲು, ಇಪ್ಪತ್ತಕ್ಕಿಂತ ಮೂವತ್ತರದ್ದು ಮೇಲು ಎಂಬ ನಂಬಿಕೆ ಅವರಲ್ಲಿ ಗಟ್ಟಿಯಾಗಿ ಕೂತಿದೆ. ನಾನು ಇದನ್ನು ಒಪ್ಪುವುದಿಲ್ಲ. ವರ್ಜೀನಿಯಾ ಎಲೆಯೇ ಹೆಚ್ಚಿರುವ ತಂಬಾಕಿಗೆ ಐದು ವರ್ಷ ಸಾಕು, ಹತ್ತು ಧಾರಾಳವಾಯಿತು. ಹೊಗೆಯಲ್ಲಿ ಹದಗೊಳಿಸಿದ ಲಟಾಕಿಯಾ ಬೆರೆತಿದ್ದರೆ ಎರಡು ಮೂರು ವರ್ಷದಲ್ಲೇ ತೆರೆಯುವುದು ಲೇಸು. ವೆನಿಲಾ, ಚೆರ್ರಿ ಮುಂತಾದ ಪರಿಮಳ ಹಾಕಿದ್ದನ್ನು ಇಟ್ಟುಕೊಂಡು ಕಾಯಬೇಕಾದ ಕಾರಣವೇ ಇಲ್ಲ. ಇನ್ನೂ ಒಂದು ಮಾತಿದೆ, ನನ್ನ ಮಟ್ಟಿಗೆ ಅದೇ ಮುಖ್ಯ: ಯಾವಾಗ ತೆರೆಯುತ್ತೇನೆಂದು ಗೊತ್ತುಮಾಡಿಕೊಳ್ಳದೆ ಮುಚ್ಚಿಟ್ಟ ತಂಬಾಕನ್ನು ಮಾಗಿಸುತ್ತಿದ್ದೇನೆ ಎಂದು ಹೇಳಿಕೊಳ್ಳಬಾರದು. ಅದು ಬರೀ ಕೂಡಿಡುವುದು.

ವರ್ಷಗಳ ಲೆಕ್ಕಕ್ಕೆ ಇಳಿಯುವ ಮುನ್ನ ಎಲೆಯನ್ನು ನೋಡಬೇಕು. ಮಾಗುವ ಶಕ್ತಿ ಇರುವುದು ಎಲೆಯಲ್ಲಿ; ಡಬ್ಬಿಯಾಗಲಿ ಕಾಲವಾಗಲಿ ಎಲೆಯಲ್ಲಿಲ್ಲದ್ದನ್ನು ತಂದು ಹಾಕುವುದಿಲ್ಲ. ಕನ್ನಡದ ಓದುಗರಿಗೆ ಇದನ್ನು ನೋಡಲು ದೂರ ಹೋಗಬೇಕಾಗಿಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಡೆ ಬೆಳೆಯುವ ಹೊಗೆಸೊಪ್ಪು ಇದೇ ವರ್ಜೀನಿಯಾ ಜಾತಿಯದು. ಅದರ ಹೆಚ್ಚಿನ ಪಾಲು ಸಿಗರೇಟಿಗೆ ಹೋಗುತ್ತದೆ ನಿಜ, ಆದರೆ ಎಲೆಗೆ ಸಿಹಿ ಬರುವ ಬಗೆ ಎಲ್ಲಾದರೂ ಒಂದೇ. ಮಳೆಗಾಲದ ಕೊನೆಗೆ ಆ ಊರುಗಳಲ್ಲಿ ಎಲೆ ಹದಗೊಳಿಸುವ ಬ್ಯಾರನ್‌ಗಳ ಹತ್ತಿರ ನಿಂತವರಿಗೆ ಆ ವಾಸನೆ ಮರೆಯುವುದಿಲ್ಲ. ಬುಡದಿಂದ ಮೇಲಕ್ಕೆ, ಬಲಿತಂತೆ ಬಲಿತಂತೆ ಮುರಿದ ಎಲೆಗಳನ್ನು ಕಡ್ಡಿಗೆ ಕಟ್ಟಿ ಒಳಗೆ ಅಂತಸ್ತು ಅಂತಸ್ತಾಗಿ ತೂಗುಹಾಕುತ್ತಾರೆ. ಒಲೆಯ ಬಿಸಿ ದಪ್ಪ ಕೊಳವೆಗಳ ಮೂಲಕ ಒಳಗೆ ಹರಿಯುತ್ತದೆ, ಹೊಗೆ ಮಾತ್ರ ಎಲೆಗೆ ತಾಗದೆ ಹೊರಗೆ ಹೋಗುತ್ತದೆ. ಮೊದಲ ಒಂದೆರಡು ದಿನ ಸುಮಾರು 35ರಿಂದ 38 ಡಿಗ್ರಿಯ ಸಣ್ಣ ಬಿಸಿ, ತೇವವೂ ಹೆಚ್ಚು. ಎಲೆ ಆಗಿನ್ನೂ ಸತ್ತಿರುವುದಿಲ್ಲ. ಅದರೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ, ಹಸಿರು ಹೋಗಿ ಹಳದಿ ಬರುತ್ತದೆ. ಆ ಹೊತ್ತಿಗೆ ಸರಿಯಾಗಿ ಬಿಸಿ ಏರಿಸಬೇಕು. ತಡವಾದರೆ ಎಲೆ ತನ್ನ ಸಕ್ಕರೆಯನ್ನು ತಾನೇ ತಿಂದು ಕಂದುತ್ತದೆ. ಬೇಗ ಏರಿಸಿದರೆ ಹಸಿರು ಹಾಗೇ ಉಳಿದು ಹರಾಜಿನಲ್ಲಿ ಬೆಲೆ ಬೀಳುತ್ತದೆ. ಕೊನೆಗೆ 70 ಡಿಗ್ರಿಯ ಆಸುಪಾಸಿಗೆ ಒಯ್ದು ನಡುನರ ಚಟಚಟ ಮುರಿಯುವವರೆಗೆ ಒಣಗಿಸುತ್ತಾರೆ. ಇಷ್ಟೂ ದಿನ ರಾತ್ರಿಯಿಡೀ ಎದ್ದೆದ್ದು ಒಲೆ ನೋಡುವವರು ರೈತರ ಮನೆಯವರು. ಹೀಗೆ ಹದವಾದ ವರ್ಜೀನಿಯಾ ಎಲೆಯಲ್ಲಿ ತೂಕದ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಸಕ್ಕರೆ ಉಳಿದಿರುತ್ತದೆ.

ಬರ್ಲಿ ಎಂಬ ಇನ್ನೊಂದು ಜಾತಿಯನ್ನು ಬಿಸಿಯಿಲ್ಲದೆ ಗಾಳಿಯಲ್ಲಿ ವಾರಗಟ್ಟಲೆ ತೂಗುಹಾಕಿ ಒಣಗಿಸುತ್ತಾರೆ. ಎಲೆ ನಿಧಾನವಾಗಿ ಸಾಯುವುದರಿಂದ ಸಕ್ಕರೆಯೆಲ್ಲ ಆ ವಾರಗಳಲ್ಲೇ ಉರಿದುಹೋಗುತ್ತದೆ. ಮುಂದೆ ಡಬ್ಬಿಯೊಳಗೆ ವರ್ಜೀನಿಯಾ ಬದಲಾದ ಹಾಗೆ ಬರ್ಲಿ ಬದಲಾಗದಿರುವುದಕ್ಕೆ ಕಾರಣ ಇಷ್ಟೆ.

ಡಬ್ಬಿ ಸೇರುವ ಮೊದಲೇ ಎಲೆ ಒಂದು ಸುತ್ತು ಮಾಗಿರುತ್ತದೆ ಎಂಬುದನ್ನೂ ಬಹಳ ಮಂದಿ ಗಮನಿಸುವುದಿಲ್ಲ. ಹರಾಜಿನಲ್ಲಿ ಕೊಂಡ ಎಲೆಯನ್ನು ಕಾರ್ಖಾನೆಗಳಲ್ಲಿ ಮತ್ತೊಮ್ಮೆ ಒಣಗಿಸಿ, ನೂರಕ್ಕೆ ಹನ್ನೊಂದು ಹನ್ನೆರಡರಷ್ಟು ನೀರು ಉಳಿಸಿ, ಒತ್ತಿ ತುಂಬುತ್ತಾರೆ. ಹಿಂದೆ ಇದಕ್ಕೆ ಅಮೆರಿಕದಲ್ಲಿ 450 ಕಿಲೊ ಹಿಡಿಯುವ ಮರದ ಪೀಪಾಯಿಗಳಿದ್ದವು, ಈಗ ಎಲ್ಲೆಡೆ 200 ಕಿಲೊ ಆಸುಪಾಸಿನ ರಟ್ಟಿನ ಪೆಟ್ಟಿಗೆಗಳು. ಗೋದಾಮಿನಲ್ಲಿ ಒಂದರಿಂದ ಮೂರು ವರ್ಷ ಅದು ಕೂರುತ್ತದೆ. ಬೇಸಿಗೆ ಬಂದಾಗ ಎಲೆಯೊಳಗಿನ ಚಟುವಟಿಕೆ ಏರುತ್ತದೆ, ಚಳಿಯಲ್ಲಿ ಇಳಿಯುತ್ತದೆ. ಹಸಿ ಎಲೆಯ ಘಾಟು, ಅಮೋನಿಯದ ಚುಚ್ಚು ವಾಸನೆ ಅಲ್ಲೇ ಹೋಗುತ್ತದೆ. ಅಂಗಡಿಯಲ್ಲಿ ‘ಹೊಸದು’ ಎಂದು ನಾವು ಕೊಳ್ಳುವ ಡಬ್ಬಿಯೊಳಗಿನ ಎಲೆಗೆ ಆಗಲೇ ಎರಡು ಮೂರು ವರ್ಷ ವಯಸ್ಸಾಗಿರುವುದು ಸಾಮಾನ್ಯ. ಹೊಸ ಡಬ್ಬಿಯನ್ನು ಹಸಿ ಎಂದು ಕಡೆಗಣಿಸಿ ಅಟ್ಟಕ್ಕೆ ಏರಿಸುವವರು ಆ ಗೋದಾಮಿನ ಕೆಲಸಕ್ಕೆ ಬೆಲೆಯನ್ನೇ ಕೊಡುತ್ತಿಲ್ಲ.

ಇನ್ನು ಡಬ್ಬಿಯೊಳಗೆ ಆಗುವುದೇನು? ಎಲೆಯ ಸಕ್ಕರೆಯೂ ಅಮೈನೊ ಆಮ್ಲಗಳೂ ನಿಧಾನವಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ರೊಟ್ಟಿಯ ಮೇಲ್ಮೈ ಕೆಂಪಾಗುವಾಗ ಕಾವಲಿಯ ಮೇಲೆ ನಿಮಿಷಗಳಲ್ಲಿ ನಡೆಯುವ ರಸಾಯನ ಕ್ರಿಯೆಯೇ ಇಲ್ಲಿ ಕೋಣೆಯ ತಂಪಿನಲ್ಲಿ ವರ್ಷಗಳ ಮೇಲೆ ನಡೆಯುತ್ತದೆ. ಎಲೆಗೆ ಹಳದಿ ಕೊಟ್ಟಿದ್ದ ಕ್ಯಾರೊಟಿನಾಯ್ಡ್‌ಗಳು ಒಡೆದು ಹೂವಿನ, ಒಣಹಣ್ಣಿನ ಪರಿಮಳದ ಸಣ್ಣ ಸಣ್ಣ ಅಣುಗಳಾಗುತ್ತವೆ. ಇಂಗ್ಲೆಂಡಿನ ಉತ್ತರದ ಕೆಂಡಲ್ ಪಟ್ಟಣದಲ್ಲಿ 1792ರಲ್ಲಿ ಶುರುವಾದ ತಂಬಾಕಿನ ಕಸುಬನ್ನು ಮುಂದುವರಿಸಿಕೊಂಡು ಬಂದ ಸ್ಯಾಮ್ಯುಯೆಲ್ ಗಾವಿತ್ ಮನೆತನದ ಹೆಸರಿನಲ್ಲಿ ‘ಫುಲ್ ವರ್ಜೀನಿಯಾ ಫ್ಲೇಕ್’ ಎಂಬುದೊಂದು ತಂಬಾಕು ಇದೆ. ಎಲೆಯನ್ನು ಬಿಸಿ ಮಾಡಿ, ಒತ್ತಿ ಹಲಗೆಯಂತೆ ಗಟ್ಟಿಮಾಡಿ, ತೆಳ್ಳಗೆ ಹೆಚ್ಚಿ ಡಬ್ಬಿಯಲ್ಲಿ ಜೋಡಿಸುತ್ತಾರೆ. ಹೊಸ ಡಬ್ಬಿ ತೆರೆದರೆ ಕಂದು ಪಟ್ಟಿಗಳ ನಡುವೆ ಅಲ್ಲಲ್ಲಿ ತಿಳಿ ಎಳೆಗಳು ಕಾಣುತ್ತವೆ. ಮೂಗಿಗೆ ಒಣಹುಲ್ಲು, ಸ್ವಲ್ಪ ಹುಳಿ. ಅದೇ ತಂಬಾಕಿನ ಐದು ವರ್ಷದ ಡಬ್ಬಿಯಲ್ಲಿ ತಿಳಿ ಎಳೆಗಳು ಕಂಡೂ ಕಾಣದಂತೆ ಕಪ್ಪಿನೊಳಗೆ ಸೇರಿಹೋಗಿರುತ್ತವೆ. ಪಟ್ಟಿಗಳು ಒಂದಕ್ಕೊಂದು ಅಂಟಿಕೊಂಡು, ಬೆರಳಿಗೆ ಸ್ವಲ್ಪ ಜಿಡ್ಡು ಹತ್ತುತ್ತದೆ. ಒಣದ್ರಾಕ್ಷಿ, ಅಂಜೂರ, ಕಾಕಂಬಿಯ ವಾಸನೆ ಬರುತ್ತದೆ. ಪೈಪಿಗೆ ತುಂಬಿ ಹಚ್ಚಿದರೆ ಹೊಸದರಲ್ಲಿ ನಾಲಿಗೆಯ ತುದಿಯನ್ನು ಕಚ್ಚುತ್ತಿದ್ದ ಉರಿ ತಗ್ಗಿ, ಹೊಗೆ ಬಾಯ್ತುಂಬ ದುಂಡಗೆ ಬರುತ್ತದೆ. ಈ ಬದಲಾವಣೆ ನಿಜ. ಇದನ್ನು ಕಲ್ಪನೆ ಎಂದು ತಳ್ಳಿಹಾಕುವವರ ಜೊತೆಗೂ ನನ್ನ ತಕರಾರಿದೆ.

ಆದರೆ ಕೂಡಿಕೊಳ್ಳಲು ಇರುವ ಸಕ್ಕರೆ ಇಷ್ಟೇ, ಒಡೆಯಲು ಇರುವ ಬಣ್ಣ ಇಷ್ಟೇ. ಮೊದಲ ಒಂದು ವರ್ಷದಲ್ಲಿ ಬೇರೆ ಬೇರೆ ಎಲೆಗಳು ಒಂದರೊಳಗೊಂದು ಬೆರೆತು ಒಡಕು ಮಾಯವಾಗುತ್ತದೆ. ಎರಡರಿಂದ ಐದರೊಳಗೆ ಬದಲಾವಣೆ ಎದ್ದು ಕಾಣುತ್ತದೆ. ಐದರಿಂದ ಹತ್ತರವರೆಗೆ ಅದು ಇನ್ನಷ್ಟು ಆಳವಾಗುತ್ತದೆ, ಆದರೆ ಗತಿ ಕಡಿಮೆ. ಅಲ್ಲಿಂದ ಮುಂದೆ ತಂಬಾಕು ಮೃದುವಾಗುತ್ತ ಹೋಗುತ್ತದೆ ಎನ್ನುತ್ತಾರೆ. ಮೃದುವಾಗುವುದೂ ರುಚಿ ಕಳೆದುಕೊಳ್ಳುವುದೂ ಒಂದು ಹಂತದ ನಂತರ ಬೇರೆ ಬೇರೆಯಲ್ಲ. ಇಪ್ಪತ್ತೈದು ವರ್ಷದ ವರ್ಜೀನಿಯಾದಲ್ಲಿ ಬಹಳ ಸಲ ಉಳಿದಿರುವುದು ಒಂದು ಸಾಧಾರಣ ಸಿಹಿ, ಅದರ ಹಿಂದೆ ಏನೂ ಇಲ್ಲ. ಅದನ್ನು ಸೂಕ್ಷ್ಮ ಎಂದು ಹೊಗಳುತ್ತಾರೆ. ತೆರೆಯಲು ಅಷ್ಟು ವರ್ಷ ಕಾದವರು ಅದನ್ನು ಸಪ್ಪೆ ಎಂದು ಹೇಳುವುದು ಕಷ್ಟ, ಅದು ನನಗೆ ಅರ್ಥವಾಗುತ್ತದೆ.

ಲಟಾಕಿಯಾದ್ದು ಬೇರೆ ಕಥೆ. ಸಿರಿಯಾದ ಬಂದರಿನ ಹೆಸರು ಹೊತ್ತ ಈ ಎಲೆಯನ್ನು ಬೆಂಕಿಯ ಹೊಗೆಯಲ್ಲಿ ವಾರಗಟ್ಟಲೆ ಇಟ್ಟು ಕಪ್ಪಾಗಿಸುತ್ತಾರೆ. ಸಿರಿಯಾದಲ್ಲಿ ಅದು ಕಾಣೆಯಾಗಿ ಈಗ ಬರುವುದೆಲ್ಲ ಸೈಪ್ರಸ್ ಹೆಸರಿನದು. ಅದರ ಬೆಲೆ ಇರುವುದೇ ಆ ಹೊಗೆಯ ಗಂಧದಲ್ಲಿ: ಸುಟ್ಟ ಮರ, ತೊಗಲು, ಧೂಪ. ಆ ಗಂಧ ಹಾರಿಹೋಗುವ ಜಾತಿಯದು. ಎಷ್ಟು ಬಿಗಿಯಾಗಿ ಮುಚ್ಚಿದರೂ ವರ್ಷ ಕಳೆದಂತೆ ಕುಗ್ಗುತ್ತದೆ. ಲಟಾಕಿಯಾ ಬೆರೆಸಿದ ಇಂಗ್ಲಿಷ್ ಮಿಶ್ರಣದಲ್ಲಿ ವರ್ಜೀನಿಯಾವೂ ಇರುವುದರಿಂದ ಒಂದು ಕಡೆ ಸಿಹಿ ಏರುತ್ತದೆ, ಇನ್ನೊಂದು ಕಡೆ ಹೊಗೆ ಇಳಿಯುತ್ತದೆ. ಮಿಶ್ರಣ ಮಾಡಿದವನು ತೂಗಿ ಇಟ್ಟಿದ್ದ ಪ್ರಮಾಣ ಹಾಗೆ ಬದಲಾಗಿಬಿಡುತ್ತದೆ. ಎರಡು ಮೂರು ವರ್ಷದಲ್ಲಿ ಒರಟು ಅಂಚು ಸವೆದು ಹಿತವಾಗಿರುತ್ತದೆ. ಹದಿನೈದು ವರ್ಷ ಇಟ್ಟರೆ ಅದು ಬೇರೆಯೇ ತಂಬಾಕು, ಮತ್ತು ನೀವು ಕೊಂಡದ್ದು ಅದನ್ನಲ್ಲ.

ಪೆರೀಕ್ ಇನ್ನೂ ಕುತೂಹಲದ್ದು. ಅಮೆರಿಕದ ಲೂಸಿಯಾನಾದ ಸೇಂಟ್ ಜೇಮ್ಸ್ ಪ್ಯಾರಿಷ್‌ನಲ್ಲಿ ಎಲೆಯನ್ನು ವಿಸ್ಕಿಯ ಪೀಪಾಯಿಗಳಿಗೆ ತುಂಬಿ, ಸ್ಕ್ರೂ ಜಾಕ್‌ನಿಂದ ಒತ್ತಿ, ಅದರದೇ ರಸದಲ್ಲಿ ಹುದುಗಲು ಬಿಡುತ್ತಾರೆ. ನಡುನಡುವೆ ಹೊರತೆಗೆದು ಕೊಡವಿ ಗಾಳಿಯಾಡಿಸಿ ಮತ್ತೆ ಒತ್ತುತ್ತಾರೆ. ಒಂದು ವರ್ಷಕ್ಕೆ ಕಡಿಮೆಯಾದರೆ ಅದು ಪೆರೀಕ್ ಆಗುವುದಿಲ್ಲ. ಮಾಗಿಸುವುದೆಂದರೆ ಇದು ಎಂದು ನನಗೆ ಅನ್ನಿಸಿದೆ. ಎಷ್ಟು ಕಾಲ ಎಂದು ಮೊದಲೇ ಗೊತ್ತು, ನಡುವೆ ಯಾವಾಗ ಕೈಹಾಕಬೇಕೆಂಬುದು ಗೊತ್ತು, ಮುಗಿಯಿತೆಂದು ತಿಳಿಯುವುದು ಹೇಗೆಂಬುದೂ ಗೊತ್ತು. ಇಂಥ ಪೆರೀಕ್ ಬೆರೆತ ವರ್ಜೀನಿಯಾ ಡಬ್ಬಿಯಲ್ಲಿ ಚೆನ್ನಾಗಿ ಮಾಗುತ್ತದೆ. ಐದರಿಂದ ಎಂಟು ವರ್ಷ ಕೊಡಬಹುದು. ಪರಿಮಳ ಹಾಕಿದ ತಂಬಾಕಿನ ಬಗ್ಗೆ ಹೆಚ್ಚು ಹೇಳಲಾರೆ. ಅದರ ಸುವಾಸನೆ ಎಲೆಯದಲ್ಲ, ಮೇಲೆ ಸಿಂಪಡಿಸಿದ್ದು. ಒಂದೆರಡು ವರ್ಷದಲ್ಲಿ ಮಂಕಾಗುತ್ತದೆ.

ಇಷ್ಟು ವರ್ಷಗಳನ್ನು ಇಷ್ಟು ಧೈರ್ಯದಿಂದ ಹೇಳುವುದಕ್ಕೆ ಆಧಾರವೇನು ಎಂದು ಓದುಗರು ಕೇಳಬೇಕು. ಹಳೆಯ ಡಬ್ಬಿಗಳ ಕುರಿತ ಮಾತಿನಲ್ಲಿ ಕಾಣೆಯಾಗಿರುವುದೇ ಈ ಪ್ರಶ್ನೆ. ಒಬ್ಬರು 1975ರ ಸುಮಾರಿನ ಡನ್‌ಹಿಲ್ ಡಬ್ಬಿಯೊಂದನ್ನು ತೆರೆದು, ಇವತ್ತಿನದರ ಜೊತೆ ಹೋಲಿಸಿ, ‘ನೋಡಿ, ಮಾಗಿದರೆ ಹೀಗಾಗುತ್ತದೆ’ ಎನ್ನುತ್ತಾರೆ. ಆ ಡಬ್ಬಿ ತಯಾರಾದಾಗ ಡನ್‌ಹಿಲ್ ಮಿಶ್ರಣಗಳನ್ನು ಲಂಡನ್ನಿನ ಅದೇ ಸಂಸ್ಥೆ ತಯಾರಿಸುತ್ತಿತ್ತು. 1980ರ ದಶಕದ ಆರಂಭದಲ್ಲಿ ಆ ಕೆಲಸ ಬೆಲ್‌ಫಾಸ್ಟಿನ ಮರ್ರೇ ಕಾರ್ಖಾನೆಗೆ ಹೋಯಿತು, 2005ರ ಹೊತ್ತಿಗೆ ಡೆನ್ಮಾರ್ಕಿನ ಓರ್ಲಿಕ್‌ಗೆ. 2018ರ ಸುಮಾರಿಗೆ ಆ ಹೆಸರೇ ಮಾರುಕಟ್ಟೆಯಿಂದ ಹೋಗಿ, ಅವೇ ಮಿಶ್ರಣಗಳು ಪೀಟರ್ಸನ್ ಎಂಬ ಹೆಸರಿನಲ್ಲಿ ಬಂದವು. ನಡುವೆ ಎಲೆ ಬೆಳೆಯುವ ದೇಶಗಳು ಬದಲಾದವು, ಲಟಾಕಿಯಾದ ಮೂಲ ಬದಲಾಯಿತು. ಎರಡು ಡಬ್ಬಿಗಳ ನಡುವಿನ ವ್ಯತ್ಯಾಸದಲ್ಲಿ ಕಾಲದ ಪಾಲು ಎಷ್ಟು, ಕಾರ್ಖಾನೆಯದು ಎಷ್ಟು, ಎಲೆಯದು ಎಷ್ಟು ಎಂದು ಬಿಡಿಸಿ ಹೇಳುವುದು ಯಾರಿಂದಲೂ ಆಗದು. ಹಳೆಯದು ಚೆನ್ನಾಗಿತ್ತು ಎನ್ನಬಹುದು. ಹಳೆಯದಾದ್ದರಿಂದ ಚೆನ್ನಾಯಿತು ಎನ್ನುವುದಕ್ಕೆ ಅದರಲ್ಲಿ ಆಧಾರವಿಲ್ಲ.

ಹೋಲಿಸುವ ನಾಲಿಗೆಗೂ ವಯಸ್ಸಾಗಿರುತ್ತದೆ. ಹತ್ತು ವರ್ಷದ ಹಿಂದೆ ಸೇದಿದ್ದರ ರುಚಿ ನೆನಪಿದೆ ಎಂದು ಯಾರಾದರೂ ಹೇಳಿದರೆ ನಾನು ಗೌರವದಿಂದಲೇ ಒಪ್ಪದೆ ಇರುತ್ತೇನೆ. ವಾಸನೆಯ ಗ್ರಹಿಕೆ ವಯಸ್ಸಿನ ಜೊತೆ ಮಂದವಾಗುತ್ತದೆ, ಹೊಗೆ ಸೇದುವವರಲ್ಲಿ ಇನ್ನಷ್ಟು ಬೇಗ. ಮೂವತ್ತೈದರಲ್ಲಿ ಘಾಟೆನಿಸಿದ್ದು ಐವತ್ತೈದರಲ್ಲಿ ಮೃದು ಎನಿಸಿದರೆ ಪಳಗಿದ್ದು ತಂಬಾಕೋ ನಾಲಿಗೆಯೋ?

ಇದಕ್ಕೆ ದಾರಿ ಇದೆ, ಕಷ್ಟದ್ದೂ ಅಲ್ಲ. ಒಂದೇ ತಯಾರಿಯ, ಒಂದೇ ದಿನಾಂಕದ ಮೂರು ನಾಲ್ಕು ಡಬ್ಬಿ ಕೊಂಡು, ಒಂದನ್ನು ಅಂದೇ ತೆರೆದು ಸೇದಿ ನೋಡಿ ಎರಡು ಸಾಲು ಬರೆದಿಡಬೇಕು. ಎರಡನೆಯದನ್ನು ಎರಡು ವರ್ಷಕ್ಕೆ, ಮೂರನೆಯದನ್ನು ಐದಕ್ಕೆ ತೆರೆಯಬೇಕು. ನಾಲ್ಕನೆಯದನ್ನು ಗಾಳಿಯಾಡದ ಹಾಗೆ ಸುತ್ತಿ ಫ್ರೀಜರಿನಲ್ಲಿ ಇಡಬಹುದು. ಆ ಚಳಿಯಲ್ಲಿ ಎಲೆಯ ರಸಾಯನ ಹೆಚ್ಚುಕಡಿಮೆ ನಿಂತುಹೋಗುವುದರಿಂದ ಐದನೆಯ ವರ್ಷ ಮಾಗಿದ್ದನ್ನೂ ಮಾಗದ್ದನ್ನೂ ಒಂದೇ ಸಂಜೆ ಪಕ್ಕಪಕ್ಕ ಇಟ್ಟುಕೊಳ್ಳಲು ಸಾಧ್ಯ. ಡಬ್ಬಿಗಳನ್ನು ನೂರುಗಟ್ಟಲೆ ಕೂಡಿಟ್ಟವರಲ್ಲಿ ಇದನ್ನು ಮಾಡುವವರು ವಿರಳ. ಒಂದೇ ಡಬ್ಬಿ ಇಟ್ಟು ಹದಿನೈದು ವರ್ಷ ಕಾದವರಿಗೆ ಹೋಲಿಸಲು ಏನೂ ಇರುವುದಿಲ್ಲ, ಹೊಗಳಲು ಮಾತ್ರ ಇರುತ್ತದೆ.

ಹಳೆಯ ಡಬ್ಬಿಯ ಹೊಗಳಿಕೆಗೆ ಈಗ ಒಂದು ಮಾರುಕಟ್ಟೆಯೂ ಇದೆ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 1977ರಲ್ಲಿ ಶುರುವಾದ ಮೆಕ್ಲೆಲ್ಯಾಂಡ್ ಸಂಸ್ಥೆ ವರ್ಜೀನಿಯಾಕ್ಕೆ ಹೆಸರುವಾಸಿಯಾಗಿತ್ತು. ಡಬ್ಬಿ ತೆರೆದಾಗ ಬರುತ್ತಿದ್ದ ವಿನೆಗರಿನಂಥ ಹುಳಿವಾಸನೆಯಿಂದಲೇ ಅದನ್ನು ಗುರುತಿಸುತ್ತಿದ್ದರು. ಅವರು ಡಬ್ಬಿಯ ಮೇಲೆ ತಯಾರಿಯ ಸಂಕೇತ ಮುದ್ರಿಸುತ್ತಿದ್ದರು. ಕೊಂಡವರಿಗೆ ವಯಸ್ಸು ತಿಳಿಯುತ್ತಿತ್ತು. ಇದನ್ನು ಎಲ್ಲ ತಯಾರಕರೂ ಮಾಡಬೇಕು. ಬೇಕಾದ ಗುಣದ ಎಲೆ ಸಿಗುತ್ತಿಲ್ಲವೆಂದು 2018ರಲ್ಲಿ ಅವರು ಬಾಗಿಲು ಮುಚ್ಚಿದರು. ಅದಕ್ಕೆ ಮೊದಲೇ, 2016ರಲ್ಲಿ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಪೈಪ್ ತಂಬಾಕನ್ನೂ ತನ್ನ ನಿಯಂತ್ರಣದೊಳಗೆ ತಂದಿತ್ತು. ಮುಂದೆ ಸಿಗುತ್ತದೋ ಇಲ್ಲವೋ ಎಂಬ ಭಯದಲ್ಲಿ ಜನ ಪೆಟ್ಟಿಗೆಗಟ್ಟಲೆ ಕೊಂಡರು. ಮುಚ್ಚಿದ ಕಂಪನಿಯ ಡಬ್ಬಿಗಳ ಬೆಲೆ ಹಲವು ಪಟ್ಟು ಏರಿತು. ಬೆಲೆ ಏರಿದ ಮೇಲೆ ತೆರೆಯುವ ಮನಸ್ಸು ಯಾರಿಗೆ ಬರುತ್ತದೆ? ಒಬ್ಬರಿಂದ ಇನ್ನೊಬ್ಬರಿಗೆ ಕೈ ಬದಲಾಗುತ್ತ, ಯಾವ ಮನೆಯಲ್ಲೂ ತೆರೆಯದೆ, ಆ ತಂಬಾಕು ತನ್ನ ಒಳ್ಳೆಯ ವರ್ಷಗಳನ್ನು ಡಬ್ಬಿಯೊಳಗೇ ಕಳೆಯುತ್ತಿದೆ. ಒಳ್ಳೆಯ ಎಲೆ ಬೆಳೆದ ರೈತ, ಅದನ್ನು ಆರಿಸಿದ ಮಿಶ್ರಣಗಾರ ಇಬ್ಬರ ಶ್ರಮಕ್ಕೂ ಇದು ನ್ಯಾಯವಲ್ಲ. ಜೊತೆಗೆ ತಗಡಿನ ಡಬ್ಬಿ ಶಾಶ್ವತವಲ್ಲ. ತಂಬಾಕಿನ ಆಮ್ಲ, ತೇವ ಸೇರಿ ಒಳಗಿನಿಂದ ತುಕ್ಕು ತಿನ್ನುತ್ತದೆ. ಸೂಜಿಮೊನೆಯಷ್ಟು ತೂತು ಬಿದ್ದರೆ ಸಾಕು, ಕೆಲವು ತಿಂಗಳಲ್ಲಿ ಒಳಗಿನದು ಒಣಗಿ ಪುಡಿಯಾಗುತ್ತದೆ. ಕೊಂಡವರಿಗೆ ಅದು ತಿಳಿಯುವುದು ತೆರೆದಾಗಲೇ.

ಇನ್ನೊಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಪೈಪಿನ ಹೊಗೆಯಿಂದ ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ. ಹೊಗೆಯನ್ನು ಎದೆಗೆ ಎಳೆದುಕೊಳ್ಳದಿದ್ದರೂ ಬಾಯಿಯ ಅಪಾಯ ತಪ್ಪುವುದಿಲ್ಲ. ಮಾಗಿಸುವುದರಿಂದ ಇದರಲ್ಲಿ ಯಾವುದೂ ಕಡಿಮೆಯಾಗದು. ನಿಕೋಟಿನ್ ಹಾಗೇ ಉಳಿಯುತ್ತದೆ. ನೈಟ್ರೇಟ್ ಹೆಚ್ಚಿರುವ ಬರ್ಲಿಯಂಥ ಎಲೆಯನ್ನು ಬಿಸಿಯಲ್ಲಿ ಬಹಳ ಕಾಲ ಇಟ್ಟರೆ ಕ್ಯಾನ್ಸರ್‌ಕಾರಕ ನೈಟ್ರೊಸಮೀನ್‌ಗಳು ಹೆಚ್ಚಲೂಬಹುದು. ಮಾಗಿದ ಎಲೆ ಮೃದುವಾಗುತ್ತದೆ ಎಂಬುದನ್ನು ನಾವು ಗುಣ ಎಂದು ಎಣಿಸುತ್ತೇವೆ, ಆದರೆ ಘಾಟು ದೇಹಕ್ಕೆ ಸಿಗುವ ಎಚ್ಚರಿಕೆಯೂ ಹೌದು. ಅದು ಇಲ್ಲವಾದಾಗ ಇನ್ನೊಂದು ಸಲ ತುಂಬಿಕೊಳ್ಳುವುದು ಸುಲಭ.

ಕೂಡಿಡುವುದರ ವಿರುದ್ಧ ನನ್ನ ವಾದ ಇಲ್ಲಿ ಗಟ್ಟಿಯಾಗುತ್ತದೆ. ಲೆಕ್ಕ ಹಾಕಿ ನೋಡಿ. ಪೈಪಿಗೆ ಒಂದು ಸಲಕ್ಕೆ ಮೂರು ಗ್ರಾಂ ಹಿಡಿಯುತ್ತದೆ ಎಂದುಕೊಂಡರೆ, ದಿನಕ್ಕೊಂದರಂತೆ ವರ್ಷಕ್ಕೆ ಒಂದು ಕಿಲೊ ಚಿಲ್ಲರೆ. ಐವತ್ತೈದರಲ್ಲಿ ಇಪ್ಪತ್ತು ಕಿಲೊ ಕೂಡಿಟ್ಟವರು ಎಪ್ಪತ್ತಮೂರರವರೆಗೆ ದಿನಾ ಸೇದುತ್ತೇನೆಂದು ಈಗಲೇ ಒಪ್ಪಂದ ಮಾಡಿಕೊಂಡ ಹಾಗಾಯಿತು. ನಾಳೆ ವೈದ್ಯರು ಬಿಡಿ ಎಂದಾಗ ಆ ಇಪ್ಪತ್ತು ಕಿಲೊ ಎದುರು ವಾದಿಸುತ್ತದೆ. ಐದು ವರ್ಷಕ್ಕೆ ತೆರೆಯಲು ಎಂಟು ಹತ್ತು ಡಬ್ಬಿ ಇಟ್ಟವರಿಗೆ ಈ ಬಂಧನ ಇಲ್ಲ. ವಾರಕ್ಕೆ ಒಂದೋ ಎರಡೋ ಸಲ ಸೇದಿ, ಒಳ್ಳೆಯದನ್ನೇ ಸೇದಿ, ಬಿಡಬೇಕಾದ ದಿನ ಬಿಡಬಹುದು. ಸೇದದೆ ಇರುವವರು ಈ ರುಚಿಗಾಗಿ ಶುರುಮಾಡಬೇಕು ಎಂದು ನಾನು ಎಂದೂ ಹೇಳುವುದಿಲ್ಲ.

ಇಡುವ ಬಗೆಗೆ ಬಂದರೆ, ಗಾಜಿನ ಜಾಡಿಯನ್ನು ಮೀರಿಸಿದ್ದು ಇಲ್ಲ. 1858ರಲ್ಲಿ ಜಾನ್ ಲ್ಯಾಂಡಿಸ್ ಮೇಸನ್ ಪೇಟೆಂಟ್ ಪಡೆದ ತಿರುಪಿನ ಕತ್ತಿನ ಜಾಡಿ ಹಣ್ಣು ತರಕಾರಿ ಕೆಡದಂತಿಡಲು ಹುಟ್ಟಿದ್ದು, ತಂಬಾಕಿಗೂ ಅದೇ ಒಗ್ಗಿತು. ರಬ್ಬರಿನ ಪಟ್ಟಿ ಬಿಗಿಯಾಗಿರುವ, ಬೇರೆ ವಾಸನೆ ಹಿಡಿಯದ ಯಾವ ಗಾಜಿನ ಜಾಡಿಯಾದರೂ ಸರಿ. ಉಪ್ಪಿನಕಾಯಿ ಇಟ್ಟಿದ್ದ ಜಾಡಿಯ ಮುಚ್ಚಳವನ್ನು ಎಷ್ಟು ತೊಳೆದರೂ ಬಳಸಬೇಡಿ, ರಬ್ಬರು ಇಂಗಿನ ವಾಸನೆಯನ್ನು ಬಿಡುವುದಿಲ್ಲ. ಪ್ಲಾಸ್ಟಿಕ್ ಚೀಲ ಒಂದೆರಡು ತಿಂಗಳಿಗೆ ಸಾಕು, ಆಮೇಲೆ ಅದರ ಮೂಲಕ ಪರಿಮಳವೂ ನೀರೂ ಸೋರುತ್ತವೆ. ತೆರೆಯದ ದುಂಡು ಡಬ್ಬಿಯನ್ನು ಹಾಗೇ ಇಡಬಹುದು. ಚೌಕ ಡಬ್ಬಿಯ ಮೂಲೆಗಳಲ್ಲಿ ಗಾಳಿ ಒಳಬರುವುದು ಹೆಚ್ಚು, ಆದ್ದರಿಂದ ಅದರಲ್ಲಿನದನ್ನು ಜಾಡಿಗೆ ಹಾಕುವುದೇ ಕ್ಷೇಮ.

ನಮ್ಮ ಕಡೆಯ ಹವೆಗೆ ಎರಡು ಮಾತು ಸೇರಿಸಬೇಕು, ಏಕೆಂದರೆ ಈ ವಿಷಯದ ಬಹುಪಾಲು ಸಲಹೆಗಳು ಚಳಿದೇಶದವರದ್ದು. ಅವರ ನೆಲಮಾಳಿಗೆ ವರ್ಷವಿಡೀ ಹದಿನೈದು ಇಪ್ಪತ್ತು ಡಿಗ್ರಿಯ ನಡುವೆ ಇರುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ ಮನೆಯೊಳಗಿನ ಕಪಾಟೇ ಮೂವತ್ತೈದು ದಾಟುತ್ತದೆ. ಬಿಸಿ ಏರಿದಷ್ಟೂ ರಸಾಯನ ಬಿರುಸಾಗುತ್ತದೆ, ಹಾಗಾಗಿ ಅವರ ಹತ್ತು ವರ್ಷ ನಮ್ಮಲ್ಲಿ ಐದಾರು ವರ್ಷದಲ್ಲೇ ಆದೀತು. ಇದು ಲಾಭವಲ್ಲ, ಬಿಸಿಯಲ್ಲಿ ಅವಸರದಿಂದ ಆದದ್ದು ಬೇಯಿಸಿದ ರುಚಿಯಾಗುತ್ತದೆ. ಮನೆಯ ಅತಿ ತಂಪಾದ ಒಳಗೋಡೆಯ ಕಪಾಟಿನ ಕೆಳಹಲಗೆ, ಬೆಳಕು ಬೀಳದ ಜಾಗ ಆರಿಸಿಕೊಳ್ಳಬೇಕು. ಕರಾವಳಿ, ಮಲೆನಾಡಿನಲ್ಲಿ ತೊಂದರೆ ತೇವದ್ದು. ಬಿಗಿದ ಜಾಡಿಗೆ ಜುಲೈ ತಿಂಗಳೂ ಒಂದೇ ಜನವರಿಯೂ ಒಂದೇ, ಆದರೆ ಜಾಡಿಗೆ ತುಂಬುವ ದಿನ ಮುಖ್ಯ. ಮಂಗಳೂರಿನ ಮಳೆಯಲ್ಲಿ ತಟ್ಟೆಯ ಮೇಲೆ ಹರಡಿದ ಒಣ ತಂಬಾಕು ಅರ್ಧ ದಿನದಲ್ಲಿ ನೀರು ಕುಡಿದು ಮೆತ್ತಗಾಗುತ್ತದೆ. ಹಾಗೆ ಮುಚ್ಚಿದರೆ ತಿಂಗಳೊಳಗೆ ಬೂಷ್ಟು. ಚಿಟಿಕೆ ತಂಬಾಕನ್ನು ಬೆರಳಲ್ಲಿ ಒತ್ತಿ ಬಿಡಿ: ಉಂಡೆಯಾಗಿಯೇ ನಿಂತರೆ ಹಸಿ ಹೆಚ್ಚು, ಚರಚರ ಸದ್ದಾದರೆ ಒಣಗಿದೆ, ನಿಧಾನವಾಗಿ ಬಿಡಿಸಿಕೊಂಡರೆ ಹದ. ಆ ಹದದಲ್ಲಿ ನೂರಕ್ಕೆ ಹನ್ನೆರಡರಿಂದ ಹದಿನೈದರಷ್ಟು ನೀರಿರುತ್ತದೆ.

ಮಾಗಿದ ಎಲೆಯ ಮೇಲೆ ಬಿಳಿಯ ಹರಳುಗಳು ಕಂಡರೆ ಕೆಲವರು ಸಂಭ್ರಮಿಸುತ್ತಾರೆ. ಗಟ್ಟಿ ಚುಕ್ಕೆಗಳಂತಿದ್ದು, ಬೆಳಕಿಗೆ ಹಿಡಿದಾಗ ಮಿನುಗಿ, ವಾಸನೆ ಶುದ್ಧವಾಗಿದ್ದರೆ ಸಂಭ್ರಮಿಸಬಹುದು. ಹತ್ತಿಯಂತೆ ನವಿರಾಗಿದ್ದು ಕಮಟು ಬಂದರೆ ಅದು ಬೂಷ್ಟೇ. ಆ ಭಾಗ ಮಾತ್ರ ತೆಗೆದು ಉಳಿದದ್ದನ್ನು ಸೇದುತ್ತೇನೆ ಎನ್ನಬಾರದು, ಪೂರ್ತಿ ಎಸೆಯಬೇಕು. ನಮ್ಮಂಥ ಬಿಸಿ ಊರುಗಳಲ್ಲಿ ತಂಬಾಕಿಗೆ ಸಣ್ಣ ಕಂದು ದುಂಬಿಯೂ ಬೀಳುತ್ತದೆ. ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತುಗಳು ಕಂಡರೆ ಪಕ್ಕದ ಜಾಡಿಗಳನ್ನೂ ನೋಡಿ.

ಜಾಡಿಗೆ ಚೀಟಿ ಅಂಟಿಸುವಾಗ ಹೆಚ್ಚಿನವರು ತಂಬಾಕಿನ ಹೆಸರು, ತುಂಬಿದ ತಾರೀಕು ಬರೆಯುತ್ತಾರೆ. ಅದರ ಕೆಳಗೆ ತೆರೆಯುವ ತಿಂಗಳು, ವರ್ಷವನ್ನೂ ಬರೆಯಬೇಕು. ದೊಡ್ಡ ಜಾಡಿಗಿಂತ ಐವತ್ತು, ನೂರು ಗ್ರಾಂ ಹಿಡಿಯುವ ಸಣ್ಣ ಜಾಡಿಗಳು ಒಳ್ಳೆಯವು. ಮುಚ್ಚಳ ತೆಗೆದ ಗಳಿಗೆಯಿಂದ ಹೊಸ ಗಾಳಿ ಒಳಗೆ ಹೋಗಿ, ವರ್ಷಗಟ್ಟಲೆ ಒಳಗೆ ತುಂಬಿದ್ದ ಪರಿಮಳ ಹೊರಗೆ ಬರುತ್ತದೆ. ಐದು ವರ್ಷ ಮಾಗಿದ ವರ್ಜೀನಿಯಾ ತೆರೆದ ಮೇಲೆ ಎರಡು ಮೂರು ತಿಂಗಳಷ್ಟೇ ತನ್ನ ಪೂರ್ತಿ ರುಚಿಯಲ್ಲಿರುತ್ತದೆ, ಅಷ್ಟರೊಳಗೆ ಮುಗಿಸಬೇಕು. ಪೈಪ್ ಸೇದುವ ಸ್ನೇಹಿತರಿದ್ದರೆ ತೆರೆದ ವಾರವೇ ಅವರನ್ನು ಕರೆಯಿರಿ. ಅದೇ ತಂಬಾಕಿನ ಹೊಸ ಡಬ್ಬಿಯೊಂದನ್ನೂ ಪಕ್ಕದಲ್ಲಿ ತೆರೆದಿಡಿ, ಯಾವುದು ಯಾವುದೆಂದು ಮೊದಲು ಹೇಳಬೇಡಿ.